ನೀರಿಗಿಳಿದ ಎಮ್ಮೆ ಕರೆದರೆ ಏಳುವುದಿಲ್ಲ, ಏಕೆ?

ಸೂರ್ಯ ಇನ್ನೂ ತನ್ನ ದಾರಿ ಕಲಿಯುತ್ತಿದ್ದ ಕಾಲ. ಬೆಟ್ಟಗಳ ಮಣ್ಣು ಆರಿರಲಿಲ್ಲ. ಆಗ ಎಮ್ಮೆಯ ಮೈ ಮಾಗಿದ ರಾಗಿತೆನೆಯ ಬಣ್ಣ. ಮೈತುಂಬ ದಟ್ಟ ಕೂದಲು. ನೀರಿಗಿಳಿದು ಕೂರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಎತ್ತು, ಎಮ್ಮೆ ಇಬ್ಬರೂ ದ್ಯಾವಣ್ಣನೆಂಬ ರೈತನ ಹೊಲ ಉಳುತ್ತಿದ್ದರು. ಎತ್ತು ಶಿವನನ್ನು ಹೊರುವವನು. ಆದ್ದರಿಂದ ಸೋಮವಾರ ಅವನ ಹೆಗಲಿಗೆ ನೊಗ ಇಡಬಾರದೆಂದು ಕಟ್ಟಳೆಯಾಯಿತು.

"ಹಾಗಾದರೆ ಎಮ್ಮೆಗೆ ಯಾವ ವಾರ ಬಿಡುವು?" ಎಂದು ಗಾಳಿ ಕೇಳಿತು.

ದ್ಯಾವಣ್ಣ ನಕ್ಕ. "ಇವಳ ಅಣ್ಣ ಕೋಣ ಯಮನನ್ನು ಹೊರುತ್ತಾನೆ. ಯಮನಿಗೆ ಯಾವ ವಾರ ಬಿಡುವು, ಹೇಳು?"

ಎಮ್ಮೆಗೆ ರೋಷ ಬಂತು. "ನನಗೆ ಬಿಡುವೇ ಬೇಡ! ಬಿದ್ದುಕೊಳ್ಳುವುದು ಆ ಎತ್ತಿನ ಕೆಲಸ. ನಾನು ಏಳು ದಿನವೂ ಉಳುತ್ತೇನೆ!"

"ಅಕ್ಕಾ, ಹೊಟ್ಟೆಯಲ್ಲಿ ಕರುವಿದೆ," ಎಂದ ಎತ್ತು.

"ನಿನ್ನ ಮೆಲುಕು ನೀನು ಹಾಕು!"

ಮೊದಲ ಸೋಮವಾರ ಒಂಟಿಯಾಗಿ ನೊಗ ಎಳೆಯುವಾಗ ಅವಳ ನಾಲಿಗೆ ಹೇಳಿತು, "ಅಮ್ಮಾ, ಒಣಗಿದ್ದೇನೆ."

"ಸುಮ್ಮನಿರು! ಇನ್ನೊಂದೇ ಸಾಲು," ಎಂದಳು ಎಮ್ಮೆ. ಒಂದು ಸಾಲು ಹತ್ತು ಸಾಲಾಯಿತು.

ಎರಡನೆಯ ಸೋಮವಾರ ಮಂಡಿಗಳು ಹೇಳಿದವು, "ಅಮ್ಮಾ, ನಡುಗುತ್ತಿದ್ದೇವೆ."

"ಸುಮ್ಮನಿರಿ! ಇನ್ನೊಂದೇ ಸಾಲು."

ಮೂರನೆಯ ಸೋಮವಾರ ಎದೆ ಡವಡವ ಬಡಿದುಕೊಂಡಿತು. ಹೊಲದಂಚಿನ ಹಳ್ಳವೂ ಕೂಗಿತು, "ಬಾರೇ, ಒಂದು ಗಳಿಗೆ ಮೈ ನೆನೆಸಿಕೊಂಡು ಹೋಗೇ!"

"ನಿಮಗೆಲ್ಲ ಬೇರೆ ಕೆಲಸವಿಲ್ಲವೇ? ಇನ್ನೊಂದೇ ಸಾಲು!"

ನಾಲ್ಕನೆಯ ಸೋಮವಾರ ಬೆಂಕಿಯಂಥ ಬಿಸಿಲು. ಅವಳ ಕೂದಲು ಸುಟ್ಟು ಉದುರಿತು. ಚರ್ಮ ಕಪ್ಪಿಟ್ಟಿತು. ನಾಲಿಗೆ ಮಾತಾಡಲಿಲ್ಲ. ಮಂಡಿಗಳು ಮಾತಾಡಲಿಲ್ಲ. ಹೇಳಿ ಹೇಳಿ ಅವಕ್ಕೂ ಸಾಕಾಗಿತ್ತು.

'ಕೊನೆಗೂ ಬಾಯಿ ಮುಚ್ಚಿದವು,' ಎಂದುಕೊಂಡಳು ಎಮ್ಮೆ.

ಹೊತ್ತು ನೆತ್ತಿಗೆ ಬಂತು. ದಿನಾ ಆ ಹೊತ್ತಿಗೆ ಹೊಟ್ಟೆಯೊಳಗಿನ ಕರು ಪುಟ್ಟ ಗೊರಸಿನಿಂದ ಒದೆಯುತ್ತಿತ್ತು. ಅವತ್ತು ಒದೆಯಲಿಲ್ಲ.

ಎಮ್ಮೆ ಎರಡು ಹೆಜ್ಜೆ ಇಟ್ಟು ಕಾದಳು. ನಾಲ್ಕು ಹೆಜ್ಜೆ ಇಟ್ಟು ಕಾದಳು. ಒದೆಯಲಿಲ್ಲ. ಅವಳು ನಿಂತುಬಿಟ್ಟಳು.

ದ್ಯಾವಣ್ಣ ಬಾರುಕೋಲಿನಿಂದ ತಿವಿದ. "ನಡಿ ನನ್ನವ್ವ, ಇನ್ನೊಂದೇ ಸಾಲು."

ಅವಳದೇ ಮಾತು! ಅವನ ಬಾಯಲ್ಲಿ ಕೇಳಿದಾಗ ಎಮ್ಮೆಯ ಕಣ್ಣು ಕೆಂಪಾಯಿತು. ಅವನ ಮೇಲೆ ಎಷ್ಟು ಸಿಟ್ಟೋ, ತನ್ನ ಮೇಲೆ ಅದರ ಎರಡರಷ್ಟು. ಕತ್ತು ಕೊಡವಿದಳು. ನೊಗದ ಹಗ್ಗ ಪಟ್ಟೆಂದು ಹರಿಯಿತು.

ಹಳ್ಳಕ್ಕೆ ಓಡಲು ಹೊರಟಳು. ಮಂಡಿಗಳು ಮೆಲ್ಲಗೆ ಹೇಳಿದವು, "ಓಡಬೇಡ. ಬೀಳುತ್ತೀಯ."

ಮೊದಲ ಸಲ ಎಮ್ಮೆ ಗದರಲಿಲ್ಲ. "ಆಗಲಿ, ನೀವು ಹೇಳಿದ ಹಾಗೆ," ಎಂದು ಒಂದೊಂದೇ ಹೆಜ್ಜೆ ಇಟ್ಟಳು.

"ಕೂಗಿ ಕೂಗಿ ನನ್ನ ಗಂಟಲೇ ಬತ್ತಿತಲ್ಲೇ, ಮೊಂಡಿ!" ಎಂದು ಹಳ್ಳ ಬೈಯಿತು. ಬೈಯುತ್ತಲೇ ಅವಳನ್ನು ಕೆಸರಿನಲ್ಲಿ ಮೂಗಿನವರೆಗೂ ಮುಳುಗಿಸಿಕೊಂಡಿತು.

ಎಮ್ಮೆ ಕಣ್ಣು ಮುಚ್ಚಿ ಕಿವಿಗೊಟ್ಟಳು. ನಾಲಿಗೆ ಒದ್ದೆಯಾಯಿತು. ಮಂಡಿಯ ನಡುಕ ನಿಂತಿತು. ಎದೆಯ ಬಡಿತ ಇಳಿಯಿತು. ಹೊಟ್ಟೆ ಮಾತ್ರ ಸುಮ್ಮನಿತ್ತು.

ದಡದಲ್ಲಿ ದ್ಯಾವಣ್ಣ ಕುಣಿದಾಡುತ್ತಿದ್ದ. "ಏಳೇ! ಅರ್ಧ ಹೊಲ ಬಾಕಿ ಇದೆ! ಹೋಯ್! ಏಳೇ, ಸೋಮಾರಿ!"

ಅವಳು ಏಳಲಿಲ್ಲ. ಅವನು ಕಲ್ಲು ಎಸೆದ. ಏಳಲಿಲ್ಲ. ಹುಲ್ಲು ತೋರಿಸಿದ. ಏಳಲಿಲ್ಲ. ಬಿಸಿಲು ಇಳಿಯುತ್ತ ಬಂತು.

ಆಗ ಹೊಟ್ಟೆಯೊಳಗೆ, ತುಸುವೇ ತುಸು, ಏನೋ ಮಿಸುಕಿದಂತಾಯಿತು.

"ಏಳೇ!" ಎಂದು ದ್ಯಾವಣ್ಣ ಕಿರುಚಿದ.

"ಸುಮ್ಮನಿರೋ!" ಎಮ್ಮೆ ಬಾಲದಿಂದ ಕೆಸರೆತ್ತಿ ಅವನ ಮುಖಕ್ಕೆ ರಾಚಿದಳು. "ನನ್ನ ಮೈ ಮಾತಾಡುತ್ತಿದೆ!"

ಟುಕ್. ಪುಟ್ಟ ಗೊರಸು ಒದೆಯಿತು. ಟುಕ್, ಟುಕ್.

ಅದಕ್ಕೇ ಇವತ್ತಿಗೂ, ಬಿಸಿಲೇರಿದ ಕೂಡಲೇ ಕರಿಮೈಯ ಎಮ್ಮೆ ನಿಧಾನವಾಗಿ ಕೆರೆಗಿಳಿದು ಮೂಗಷ್ಟೇ ಮೇಲಿಟ್ಟು ಕೂರುತ್ತಾಳೆ, ನೀನು ದಡದಲ್ಲಿ ನಿಂತು ಎಷ್ಟೇ "ಹೋಯ್" ಎಂದರೂ ಒಂದು ಕಿವಿ ಅಲ್ಲಾಡಿಸಿ ಅಲ್ಲೇ ಇರುತ್ತಾಳೆ.