ಮಡಚದ ದಬ್ಬೆ

ನಮ್ಮ ಅಜ್ಜನ ಅಜ್ಜನಿಗೂ ಹಲ್ಲು ಮೂಡಿರದ ಕಾಲ. ಗುಡ್ಡದ ಬುಡದಲ್ಲಿ ಒಂದೂರು, ಆ ಊರಲ್ಲಿ ಮೇದಾರ ಕೆಂಚವ್ವ ಅಂತ ಒಬ್ಬ ಮುದುಕಿ ಇದ್ದಳಂತೆ. ಬಿದಿರನ್ನು ತೆಳ್ಳಗೆ ದಬ್ಬೆ ದಬ್ಬೆಯಾಗಿ ಸೀಳಿ ಬುಟ್ಟಿ, ಮೊರ, ತೊಟ್ಟಿಲು ಹೆಣೆಯುವುದು ಅವಳ ಕಸುಬು. ಅವಳ ತೊಟ್ಟಿಲಲ್ಲಿ ಮಲಗದೆ ಆ ಊರಿನ ಯಾವ ಕೂಸೂ ಬೆಳೆದದ್ದಿಲ್ಲ ಅಂತಾರೆ. ನಾಲಿಗೆ ಮಾತ್ರ ಬಿದಿರಿನ ಸಿಬರು, ಮುಟ್ಟಿದವರಿಗೆ ಚುಚ್ಚುತ್ತಿತ್ತು.

ಒಂದು ವರ್ಷ ಪಡುವಣದಲ್ಲಿ ಬಾಲದ ಚುಕ್ಕಿ ಮೂಡಿತು. ಆ ಊರಿನ ಕಟ್ಟಳೆ ಕೇಳಿ. ಬಾಲದ ಚುಕ್ಕಿ ಇರುವಾಗ ಹುಟ್ಟಿದ ಕೂಸಿಗೆ ಹೆಸರಿಡುವಂತಿಲ್ಲ, ಇಟ್ಟರೆ ಚುಕ್ಕಿ ಆ ಹೆಸರು ಹಿಡಿದು ಕರೆಯುತ್ತದೆ. ಅದು ತೊಲಗುವ ತನಕ ತೊಟ್ಟಿಲೂ ಇಲ್ಲ, ಮೊರದಲ್ಲೇ ಮಲಗಬೇಕು. ಆ ವರ್ಷ ಹಾಗೆ ಹುಟ್ಟಿದ್ದು ಒಂದೇ ಕೂಸು, ಕೆಂಚವ್ವನ ಮಗಳು ತಿಪ್ಪವ್ವನ ಹೆಣ್ಣುಕೂಸು.

ಮೊಮ್ಮಗಳಿಗೆ ತೊಟ್ಟಿಲು ಹೆಣೆಯುತ್ತಿದ್ದ ಮುದುಕಿಗೆ ಒಂದೇ ಚಿಂತೆ, ಈ ಚುಕ್ಕಿ ಹೋಗುವುದು ಯಾವಾಗ? ಅಂಗಳದ ಪಡುವಣಕ್ಕೆ ಒಂದು ಬಿದಿರ ತಟ್ಟಿ ನಿಲ್ಲಿಸಿದಳಂತೆ. ದೀಪ ಹಚ್ಚುವ ಹೊತ್ತಿಗೆ ಅದೇ ಕಲ್ಲಿನ ಮೇಲೆ ಕೂತು, ತಟ್ಟಿಯ ಯಾವ ಕಂಡಿಯಲ್ಲಿ ಚುಕ್ಕಿ ಕಾಣುತ್ತದೋ ಅಲ್ಲಿಗೆ ಕೆಂಪು ದಾರ ಕಟ್ಟಿದಳು. ಕೆಲವು ದಿನ ಬಿಟ್ಟು ಇನ್ನೊಂದು, ಮತ್ತೆ ಕೆಲವು ದಿನ ಬಿಟ್ಟು ಮತ್ತೊಂದು. ಆಮೇಲೆ ಹಸಿ ದಬ್ಬೆಯೊಂದನ್ನು ಮೂರು ದಾರಕ್ಕೂ ತಾಗಿಸಿ ಬಗ್ಗಿಸಿದಳು. ಮೂರು ಕಡೆ ಹಿಡಿದರೆ ಸಾಕು, ಉಳಿದ ಬಾಗನ್ನು ಬಿದಿರೇ ಹೇಳುತ್ತದೆ ಅನ್ನುವುದು ಅವರ ಮನೆಮಾತು. ಆ ಬಾಗೇ ಚುಕ್ಕಿಯ ದಾರಿ. ದಬ್ಬೆ ಸೂರ್ಯ ಮುಳುಗುವ ಕಡೆ ಇಳಿದು, ಅವನನ್ನು ಬಳಸಿ, ಹಿಂದಕ್ಕೆ ಹೊರಳಿತಂತೆ.

ಅಷ್ಟರಲ್ಲಿ ಚುಕ್ಕಿ ಸಂಜೆಯ ಬೆಳಕಲ್ಲಿ ಮುಳುಗಿಹೋಯಿತು. ಊರಿಗೆ ಊರೇ ಹಿಗ್ಗಿತು. ಕೆಂಚವ್ವ ಮಾತ್ರ ತಡೆಯಿರಿ ಅಂದಳು, ಅದು ಸೂರ್ಯನ ಹಿಂದೆ ಹೋಗಿದೆ, ಮೂಡಲಲ್ಲಿ ಮತ್ತೆ ಬರುತ್ತದೆ ಅಂದಳು. ಊರಗೌಡ ಬೊಮ್ಮಣ್ಣ ಮುದುಕಿಗೆ ಅರಳುಮರಳು ಎಂದು ನಕ್ಕನಂತೆ. ಕೆಲವೇ ದಿನಕ್ಕೆ ಕೋಳಿ ಕೂಗುವ ಹೊತ್ತಲ್ಲಿ ಮೂಡಲಲ್ಲಿ ಬಾಲ ಎದ್ದಿತು. ನಕ್ಕವರೆಲ್ಲ ಈಗ ಇವಳೇ ಅದನ್ನು ಕರೆದವಳು ಅಂದರು. ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಚುಕ್ಕಿ ಸಣ್ಣದಾಗುತ್ತಾ ಕಣ್ಮರೆಯಾಯಿತು. ಒಮ್ಮೆ ಹೋಗಿ ಮರಳಿದ್ದನ್ನು ಕಂಡಿದ್ದ ಗೌಡ ಈ ಸಲ ಹಿರಿಯರನ್ನು ಕಟ್ಟಿಕೊಂಡು ಮುದುಕಿಯನ್ನೇ ಕೇಳಲು ಬಂದ.

"ಕೆಂಚವ್ವಾ, ಅದು ಇನ್ನ ಬರಾದಿಲ್ಲ ಅಂತ ಒಂದ್ಮಾತು ಅಂದ್ಬಿಡು. ನಾಳೇನೇ ಕೂಸಿಗೆ ಹೆಸರಿಡಾನ."

ಮುದುಕಿ ಅಂಗಳದತ್ತ ನೋಡಿದಳು. ಅವಳು ಆ ಬಾಗಿದ ದಬ್ಬೆಯ ಎರಡೂ ತುದಿಗೆ ದಬ್ಬೆಗೆ ದಬ್ಬೆ ಕಟ್ಟುತ್ತಾ ಹೋಗಿದ್ದಳು. ತುದಿಗಳು ಬೀದಿ ದಾಟಿ, ಕೆರೆ ಏರಿ ದಾಟಿ ಹೋಗಿದ್ದವು. ಒಂದನ್ನೊಂದು ಕೂಡಿರಲಿಲ್ಲ, ಆದರೆ ಎಳ್ಳಷ್ಟು ಒಳಕ್ಕೇ ವಾಲಿದ್ದವು. ಎಷ್ಟು ದೂರಕ್ಕಾದರೂ ಅವು ಕೂಡಲೇಬೇಕು, ಕೂಡಿದರೆ ಚುಕ್ಕಿ ತಿರುಗಿ ಬಂದಂತೆ.

"ಬರ್ತೈತೆ ಗೌಡ. ಈ ಕೂಸಿನ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಕಾಣಾಕಿಲ್ಲ. ಆದ್ರೆ ಬರ್ತೈತೆ."

ಬರುವುದಾದರೆ ಈ ಕೂಸು ಅದರ ಪಾಲು, ಹೆಸರಿಲ್ಲ ಎಂದು ಗೌಡ ಎದ್ದುಹೋದ. ತಿಪ್ಪವ್ವ ತಾಯಿಯ ಕಾಲು ಹಿಡಿದಳಂತೆ. "ಸುಳ್ಳೇ ಆಗ್ಲಿ, ಹೇಳವ್ವಾ."

"ಸುಳ್ಳಾಡಿದ ಬಾಯಾಗ ಕೂಸಿನ ಕಿವಿಗೆ ಹೆಸರು ಹೆಂಗೆ ಊದ್ಲಿ ಮಗಳೇ?"

ನನ್ನ ಕೇಳಿದರೆ ಒಂದು ಸುಳ್ಳು ಹೇಳಬಹುದಿತ್ತು. ಈ ಜಾಗಕ್ಕೆ ಬಂದಾಗೆಲ್ಲ ಆ ಮುದುಕಿಯ ಮೇಲೆ ನನಗೆ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ.

ಬೆಳಗಾಗುತ್ತಲೇ ಕೆಂಚವ್ವ ದಬ್ಬೆಯ ಹೊರೆ ತಲೆಗೇರಿಸಿದಳು. ತುದಿಗಳು ಎಲ್ಲಿ ಕೂಡುತ್ತವೋ ನೋಡಿ ಬರುತ್ತೇನೆ, ಎಷ್ಟು ದೂರ ಅಂತ ಗೌಡನಿಗೆ ತೋರಿಸುತ್ತೇನೆ, ತೊಟ್ಟಿಲಿನ ಕೊನೇ ದಬ್ಬೆಯ ತುದಿ ಒಳಕ್ಕೆ ಮಡಚಿಲ್ಲ, ಬಂದು ಮಡಚುತ್ತೇನೆ ಅಂದಳಂತೆ. ಕಟ್ಟುತ್ತಾ ಕಟ್ಟುತ್ತಾ ಗುಡ್ಡದಾಚೆ ಹೋದವಳು ತಿರುಗಿ ಬರಲಿಲ್ಲ.

ಕೂಸು ಮೊರ ಮೀರಿ ಬೆಳೆಯಿತು. ಮದುವೆಯಾಯಿತು, ಮಕ್ಕಳಾದವು, ತಲೆ ಹಣ್ಣಾಯಿತು. ಎಲ್ಲರೂ ಕೂಸು ಅಂತಲೇ ಕರೆದರು. ಗುಡ್ಡದ ದಾರಿ ನೋಡುತ್ತಲೇ ಕೂಸು ಸತ್ತಿತು ಅಂತಾರೆ. ಹೂಳುವಾಗ ಕೂಗಿ ಅಳಲು ಒಂದು ಹೆಸರಿರಲಿಲ್ಲ. ಆವತ್ತು ಊರಿಗೆ ನಾಚಿಕೆಯಾಯಿತು, ಕಟ್ಟಳೆ ಮುರಿದರು.

ಆ ಊರಲ್ಲಿ ಈಗಲೂ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೊದಲು ಕೂಸು ಅಂತ ಊದಿ, ಆಮೇಲೆ ಅದರ ಹೆಸರು ಹೇಳುತ್ತಾರೆ. ಯಾವ ತೊಟ್ಟಿಲು ಹೆಣೆದರೂ ಕೊನೇ ದಬ್ಬೆಯ ತುದಿ ಹೊರಗೇ ಉಳಿಯುತ್ತದೆ. ಮಗುವಿನ ಕೆನ್ನೆ ಗೀರುತ್ತದೆ ಎಂದು ತಾಯಂದಿರು ಅದಕ್ಕೆ ಬಟ್ಟೆ ಸುತ್ತುತ್ತಾರೆ, ಕತ್ತರಿಸುವುದಿಲ್ಲ. ಮಡಚಬೇಕಾದವಳು ಇನ್ನೂ ದಾರಿಯಲ್ಲಿದ್ದಾಳೆ ಅಂತಾರೆ.