ಏಳನೇ ಕೋಣೆಯ ಗೋಡೆ ಮೇಲಿನ ಹಾರ

ಸತ್ತ ಪ್ರಿನ್ಸಿಪಾಲರು ಕಾಲೇಜಿನ ಏಳನೇ ಕೋಣೆ ಬಿಟ್ಟು ಹೋಗಲೇ ಇಲ್ಲ ಕಣ್ರೀ! ಸಂತಾಪ ಸಭೆಗೆಂದು ಗೋಡೆ ಮೇಲೆ ಬಿಟ್ಟ ಅವರ ಹಾರದ ಫೋಟೊ ವಾರಗಟ್ಟಲೆ ಆರಿಸದೆ ಉರಿದು, ಅದರ ಅಚ್ಚು ಹಳೇ ಪ್ರೊಜೆಕ್ಟರಿಗೇ ಅಂಟಿಕೊಂಡಿತ್ತು. ಯಾವ ಪಾಠ ಹಾಕಿದರೂ ಹಿಂದಿನಿಂದ ಆ ಮುಖ ಮಸುಕಾಗಿ ದಿಟ್ಟಿಸುತ್ತಿತ್ತು.

ಆ ಕುರ್ಚಿಗೆ ಹತ್ತು ವರ್ಷ ಜೊಲ್ಲು ಸುರಿಸಿದ್ದ ವಿರೂಪಾಕ್ಷಯ್ಯ ಈಗ ಪ್ರಿನ್ಸಿಪಾಲ. ಅಟೆಂಡರನ ಮೇಲೆ ಹಾರಿಬಿದ್ದ. "ಪ್ರೊಜೆಕ್ಟರ್ ಹೊಸದು ಗಿಸದು ತರಿಸಲ್ಲ. ಸಂಜೆಯೊಳಗೆ ಆ ಮುಖ ಹೋಗ್ಬೇಕು, ಇಲ್ಲಾಂದ್ರೆ ನಿನ್ನ ಕೆಲಸ ಹೋಗುತ್ತೆ!"

"ಮುಖಾನ ಮುಖವೇ ಮುಚ್ಚಬೇಕು ಸಾರ್. ನಿಮ್ಮ ಫೋಟೊ ಹಾಕ್ತೀನಿ."

ಪ್ರಿನ್ಸಿಪಾಲ ಹಿಗ್ಗಿದ. ಪ್ರೊಜೆಕ್ಟರ್ ಹತ್ತಿತು. ಗೋಡೆ ಮೇಲೆ ವಿರೂಪಾಕ್ಷಯ್ಯನ ನಗುಮುಖ, ಕೊರಳಲ್ಲಿ ಸತ್ತವರ ಹಾರ.

"ಮುಖ ಹೋಯ್ತು ಸಾರ್," ಅಟೆಂಡರ ಮೆಲ್ಲಗೆ ಅಂದ. "ಹಾರ ಮಾತ್ರ ನಿಮ್ಮ ಅಳತೆಗೇ ಕೂತಿದೆ."

ಪ್ರಿನ್ಸಿಪಾಲನ ಒಂದು ಕೈ ಕೊರಳು ತಡವುತ್ತಿತ್ತು. ಇನ್ನೊಂದು ಆಗಲೇ ಹೊಸ ಪ್ರೊಜೆಕ್ಟರಿನ ಅರ್ಜಿಗೆ ಸಹಿ ಹಾಕುತ್ತಿತ್ತು.