ಪಲ್ಲವಿ ದಾಟದ ರೆಕಾರ್ಡು

ಸೇತುಮಾಧವರಾಯರ ಹಜಾರದಲ್ಲಿ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ಇತ್ತು. ಎರಡೂ ಸ್ಪೀಕರುಗಳನ್ನು ಅದೊಂದೇ ಹಾಡಿಸುತ್ತಿತ್ತು. ಅಂಗಡಿಯವನು ಅದರ ಪಕ್ಕಕ್ಕೆ ಮೊನೊಬ್ಲಾಕ್ ಎಂಬ ಎರಡು ಹೊಸ ಆಂಪ್ಲಿಫೈಯರ್ ತಂದಿಟ್ಟ. ಒಂದೊಂದು ಸ್ಪೀಕರಿಗೆ ಒಂದೊಂದು. ಯಾವುದು ಚೆನ್ನಾಗಿ ಹಾಡುತ್ತದೋ ಕೇಳಿ ನೋಡಿ, ಸೋತದ್ದನ್ನು ನಾಲ್ಕನೆಯ ದಿನ ಅಂಗಡಿಗೆ ಒಯ್ಯುತ್ತೇನೆಂದು ಹೇಳಿಹೋದ.

"ಕೂಡಿ ಬಾಳುವವರು ಒಬ್ಬರ ಪಾಲಿಗೆ ಒಬ್ಬರು ಕೈಹಾಕುತ್ತಾರೆ. ನಾವು ಬೇರೆ ಬೇರೆ, ಅದಕ್ಕೇ ಶುದ್ಧ," ಎಂದವು ಮೊನೊಬ್ಲಾಕುಗಳು.

"ಬೇರೆಯಾದವರು ಒಂದೇ ತಾಳ ಹಾಕಿದ್ದನ್ನು ನಾನಂತೂ ಕಂಡಿಲ್ಲ," ಎಂದಿತು ಸ್ಟೀರಿಯೋ.

ನ್ಯಾಯ ಸ್ಪೀಕರುಗಳ ಬಳಿಗೆ ಹೋಯಿತು. "ನನಗೆ ಪಿಟೀಲಷ್ಟೇ ಗೊತ್ತು," ಎಂದಿತು ಎಡಗಡೆಯದು. "ನನಗೆ ಮೃದಂಗವಷ್ಟೇ," ಎಂದಿತು ಬಲಗಡೆಯದು.

ರಾಯರಿಗೂ ತಲೆ ಕೆಟ್ಟುಹೋಗಿತ್ತು. ಮೂರು ದಿನದಿಂದ ಒಂದೇ ಕೀರ್ತನೆಯ ಪಲ್ಲವಿ ಕೇಳುವುದು, ರೆಕಾರ್ಡಿನ ಮೇಲಿಂದ ಮುಳ್ಳು ಎತ್ತುವುದು, ಸ್ಪೀಕರಿನ ತಂತಿ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುವುದು, ಮತ್ತೆ ಪಲ್ಲವಿ.

"ಯಾರಾದರೂ ಗೆಲ್ಲಿ, ನನ್ನ ಚರಣದ ಮೇಲೆ ಧೂಳು ಕೂತಿದೆ," ಎಂದಿತು ರೆಕಾರ್ಡು.

ನಾಲ್ಕನೆಯ ದಿನವೂ ಮುಳ್ಳೆತ್ತಲು ಹೋದ ರಾಯರ ಕೈಯನ್ನು ಹೆಂಡತಿ ಅಂಬುಜಾಬಾಯಿ ಹಿಡಿದರು.

"ರೀ, ಒಂದ್ಸಲ ಪೂರ್ತಿ ಹಾಡೋಕೆ ಬಿಡಿ."

ಇಬ್ಬರೂ ಕೂತರು. ಚರಣ ಬಂತು. ರಾಯರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿತು. ಹಾಡು ಮುಗಿಯಿತು.

ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ ಅಂಗಡಿಯವನು ಕಣ್ಣೊರೆಸಿಕೊಂಡ. "ಎಷ್ಟು ಚೆನ್ನಾಗಿತ್ತು ಸಾರ್! ಈಗ ಹಾಡಿದ್ದು ಯಾವುದು?"

ರಾಯರು ಹೆಂಡತಿಯ ಮುಖ ನೋಡಿದರು. ಆಮೇಲೆ ನೆಲಕ್ಕೆ ಬಗ್ಗಿ, ತಂತಿ ಯಾವ ಪೆಟ್ಟಿಗೆಗೆ ಹೋಗಿದೆ ಎಂದು ಹುಡುಕತೊಡಗಿದರು.